ಕೊಳಲು, ಗಿಟಾರ್ ಮತ್ತು ಕಂಸಾಳೆಯ ಪೆಟ್ಟು

ಕೊಳಲೂ ಗಿಟಾರೂ ಒಟ್ಟಿಗೆ ಕೂತರೆ ಕೇಳಲು ಹಿತವಾಗಿರುತ್ತದೆ. ನನ್ನ ತಕರಾರು ಶುರುವಾಗುವುದೇ ಈ ಹಿತದಿಂದ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಆರತಕ್ಷತೆಗಳಲ್ಲಿ, ಕಾಲೇಜು ವಾರ್ಷಿಕೋತ್ಸವಗಳಲ್ಲಿ, ಬಂಡೀಪುರದ ಅಂಚಿನ ರೆಸಾರ್ಟುಗಳ ಸಂಜೆಗಳಲ್ಲಿ ಇಂಥ ಜೋಡಿಗಳು ಕಿವಿಗೆ ಬೀಳುತ್ತವೆ. ಆರ್ಕೆಸ್ಟ್ರಾ ಕರೆಸಿದರೆ ಹತ್ತು ಜನರಿಗೆ ಊಟ, ಒಂದು ವ್ಯಾನಿನ ತುಂಬ ಸಾಮಾನು. ಇಬ್ಬರಾದರೆ ಒಂದು ಕಾರಿನಲ್ಲಿ ಬಂದು ಹೋಗುತ್ತಾರೆ. ನಿರೂಪಕರು ತಪ್ಪದೆ ಹೇಳುತ್ತಾರೆ: ಶಾಸ್ತ್ರೀಯವೂ ಇದೆ, ಜಾನಪದವೂ ಇದೆ. ಒಂದು ಕೀರ್ತನೆ, ಒಂದು ದೇವರನಾಮ, ನಡುವೆ ಎರಡು ಸಿನಿಮಾ ಹಾಡು, ಕೊನೆಗೆ ಮಾದಪ್ಪನ, ಅಂದರೆ ಮಲೆ ಮಾದೇಶ್ವರನ, ಪದ. ಎಲ್ಲವೂ ಒಂದೇ ಹದದಲ್ಲಿ, ಪಕ್ಕದವರೊಡನೆ ಮಾತಾಡುತ್ತ ಕೂತವರಿಗೆ ಅಡ್ಡಿಯಾಗದಂತೆ. ಮಾದಪ್ಪನ ಪದವೊಂದು ಯಾರ ಮಾತಿಗೂ ಅಡ್ಡಿಯಾಗದೆ ಮುಗಿಯಿತೆಂದರೆ ಎಲ್ಲೋ ಎಡವಟ್ಟಾಗಿದೆ.

ಗಿಟಾರ್ ಪರದೇಶಿ ವಾದ್ಯ, ಅದಕ್ಕೇ ಹೀಗೆ ಎನ್ನುವವರಿದ್ದಾರೆ. ಈ ಸೀಮೆಯಲ್ಲಿ ಕೂತು ಆ ಮಾತು ಆಡುವಂತಿಲ್ಲ. ಚಾಮರಾಜನಗರ 1997ರವರೆಗೆ ಮೈಸೂರು ಜಿಲ್ಲೆಯ ಭಾಗವೇ ಆಗಿತ್ತು. ಪಕ್ಕದ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಯುರೋಪಿನಿಂದ ಬಂದ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ, ಮೈಕಿಲ್ಲದ ಕಾಲದಲ್ಲಿ ಅದರ ನಾದ ದೊಡ್ಡ ಸಭೆಯ ಹಿಂದಿನ ಸಾಲಿಗೂ ಮುಟ್ಟುವಂತೆ ಮಾಡಿಕೊಂಡರು. ಕದ್ರಿ ಗೋಪಾಲನಾಥರಿಗೆ ಸ್ಯಾಕ್ಸೊಫೋನಿನ ಹುಚ್ಚು ಹತ್ತಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದ ಮೇಲೆ. ವಾದ್ಯ ಎಲ್ಲಿಯದು ಎಂದು ಮೈಸೂರು ಕೇಳಿದ್ದು ಕಡಿಮೆ, ಅದರಿಂದ ಏನು ಹೊರಡುತ್ತದೆ ಎಂದು ಕೇಳಿದ್ದೇ ಹೆಚ್ಚು. ನಾವೂ ಹಾಗೆಯೇ ಕೇಳೋಣ.

ಕೊಳಲು-ಗಿಟಾರ್ ಕೂಟಕ್ಕೆ ನಮ್ಮಲ್ಲಿ ಒಂದು ಹಿರಿಯ ಮಾದರಿ ಇದೆ: 1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆ. ಶಿವಕುಮಾರ್ ಶರ್ಮಾರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾರ ಗಿಟಾರ್. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಅಹಿರ್ ಭೈರವದಿಂದ ಶುರುಮಾಡಿ ಪಹಾಡಿಯವರೆಗೆ ರಾಗದಿಂದ ರಾಗಕ್ಕೆ ನಡೆಸಿಕೊಂಡು ಹೋಗುವ ಕೃತಿ ಅದು. ಪಹಾಡಿಯ ಬೇರು ಬೆಟ್ಟದ ಜನರ ಧಾಟಿಗಳಲ್ಲಿರುವುದರಿಂದ ಶಾಸ್ತ್ರೀಯವೂ ಜಾನಪದವೂ ಅಲ್ಲಿ ತಾವಾಗಿಯೇ ಕೂಡುತ್ತವೆ. ಇವತ್ತಿನ ಜೋಡಿಗಳು ಗಮನಿಸದೆ ದಾಟಿಹೋಗುವ ಸಂಗತಿ ಒಂದಿದೆ. ಕಾಬ್ರಾ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಂತಿಯ ಮೇಲೆ ಲೋಹದ ಸಲಾಕೆ ಜಾರಿಸಿ ನುಡಿಸುತ್ತಿದ್ದರು. ಅವರ ಬೆರಳ ಕೆಳಗೆ ಫ್ರೆಟ್ ಎಂಬುದು ಇದ್ದೂ ಇಲ್ಲ. ಕೊಳಲು ಒಂದು ಸ್ವರದಿಂದ ಇನ್ನೊಂದಕ್ಕೆ ಹೇಗೆ ಎಳೆದುಕೊಂಡು ಹೋಗುತ್ತದೋ ಗಿಟಾರೂ ಹಾಗೇ ಹೋಗುತ್ತದೆ. ಎರಡೂ ಹಾಡುವ ವಾದ್ಯಗಳು, ಒಂದರ ಮಾತಿಗೆ ಇನ್ನೊಂದರ ಉತ್ತರ.

ಆ ಮುದ್ರಿಕೆಯ ಬಗ್ಗೆ ನನಗೆ ಪೂರ್ತಿ ಒಪ್ಪಿಗೆಯೇನೂ ಇಲ್ಲ. ಅಲ್ಲಿನ ಕುರುಬನಿಗೆ ಹಸಿವಿಲ್ಲ, ತೋಳದ ಭಯವಿಲ್ಲ, ಕುರಿ ತಪ್ಪಿಸಿಕೊಳ್ಳುವುದಿಲ್ಲ. ಕ್ಯಾಲೆಂಡರ್ ಚಿತ್ರದ ಕಾಶ್ಮೀರ ಅದು. ಇವತ್ತಿನ ಹಿತವಾದ ನುಡಿಸಾಣಿಕೆಗೆ ಬೀಜ ಅಲ್ಲೇ ಬಿತ್ತು ಎಂದರೂ ತಪ್ಪಾಗದು. ಆದರೆ ಕಾಬ್ರಾರ ದುಡಿಮೆ ಬಿಟ್ಟು ಆ ಸಿಹಿಯನ್ನಷ್ಟೇ ನಾವು ಎತ್ತಿಕೊಂಡೆವು.

ಈಗಿನ ಜೋಡಿಗಳಲ್ಲಿ ಗಿಟಾರ್ ಹಾಡುವುದಿಲ್ಲ, ಕಾರ್ಡ್ ಹಾಕುತ್ತದೆ. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟಿ ರಾಗದ ಕೆಳಗೆ ಹಾಸಿಬಿಡುವ ಕೆಲಸ. ಸಮ-ಅಂತರದ ಲೆಕ್ಕದಲ್ಲಿ ಗಿಟಾರಿನ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲೆ ಕೂರುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರ ಇರುವುದು ಸುಮಾರು 386ರಲ್ಲಿ. ವ್ಯತ್ಯಾಸ ಕೂದಲೆಳೆಯಷ್ಟು, ಆದರೆ ಕೊಳಲಿನವರು ಆ ಗಾಂಧಾರದ ಮೇಲೆ ನಿಂತು ಉಸಿರು ಎಳೆದಾಗ ಒಂದು ಸಣ್ಣ ಜಗಳ ಕಿವಿಗೆ ತಾಗಿಯೇ ತಾಗುತ್ತದೆ. ಆಗ ಕೊಳಲಿನವರು ತುಟಿ ತುಸು ತಿರುಗಿಸಿ ಗಿಟಾರಿನ ಕಡೆಗೆ ಹೊಂದಿಕೊಳ್ಳುತ್ತಾರೆ. ಜೋಡಿಯಲ್ಲಿ ಯಜಮಾನಿಕೆ ಯಾರದೆಂದು ಅಲ್ಲಿಗೆ ತೀರ್ಮಾನವಾಯಿತು.

ಫ್ರೆಟ್ಟನ್ನೇ ದೂರುವುದು ನ್ಯಾಯವಲ್ಲ. ವೀಣೆಗೂ ಮೆಟ್ಟಿಲುಗಳಿವೆ, ತಂತಿಯನ್ನು ಪಕ್ಕಕ್ಕೆಳೆದು ಗಮಕ ತೆಗೆಯುತ್ತಾರೆ. ಆರ್. ಪ್ರಸನ್ನ ಅವರು ಗಿಟಾರಿನಲ್ಲೇ ಕರ್ನಾಟಕ ಸಂಗೀತದ ಕಛೇರಿ ನಡೆಸಿ ತೋರಿಸಿದ್ದಾರೆ. ಫ್ರೆಟ್ಟಿಗಿಂತ ಹೆಚ್ಚು ಕೆಡಿಸುವುದು ಕಾರ್ಡ್ ಬದಲಿಸುವ ಚಾಳಿ.

ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ತೆಗೆದುಕೊಳ್ಳಿ. ಕೊಳಲು-ಗಿಟಾರ್ ಜೋಡಿ ಬಿಡದೆ ನುಡಿಸುವ ದೇವರನಾಮ. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ‘ಕೊಲೊನಿಯಲ್ ಕಸಿನ್ಸ್’ ಹೆಸರಿನಲ್ಲಿ ಅದನ್ನು ಗಿಟಾರಿಗೆ ತಂದ ಮೇಲೆ ಹುಡುಗರ ಕೈಗೆಲ್ಲ ಬಂತು. ರಾಗ ಯಮುನಾ ಕಲ್ಯಾಣಿ. ಅದರಲ್ಲಿ ಪ್ರತಿ ಮಧ್ಯಮದ್ದೇ ರಾಜ್ಯಭಾರ. ಶುದ್ಧ ಮಧ್ಯಮ ಆಗಾಗ ಬಂದು ಮುಖ ತೋರಿಸಿ ಹೋಗುತ್ತದೆ, ಅಷ್ಟೆ. ರಾಗದ ಜೀವವೆಲ್ಲ ಆ ಬಂದುಹೋಗುವ ಚಂದದಲ್ಲಿದೆ. ಸಿ ಸ್ವರವನ್ನು ಷಡ್ಜ ಮಾಡಿಕೊಂಡ ಗಿಟಾರಿನವರಿಗೆ ಶುದ್ಧ ಮಧ್ಯಮ ಕೇಳಿದ ಕೂಡಲೇ ಕೈ ಎಫ್ ಕಾರ್ಡಿಗೆ ಓಡುತ್ತದೆ. ಕೊಳಲು ಆ ಸ್ವರವನ್ನು ಮುಟ್ಟಿ ಬಿಟ್ಟು ಗಾಂಧಾರಕ್ಕೆ ಇಳಿದಾಗಿರುತ್ತದೆ, ಗಿಟಾರ್ ಇನ್ನೂ ಅಲ್ಲೇ ಕಂಬ ನೆಟ್ಟುಕೊಂಡು ನಿಂತಿರುತ್ತದೆ. ಕೃಷ್ಣ ಓಡಿಬರುವುದು ಬಿಟ್ಟು ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದಾನೆ ಅನಿಸುತ್ತದೆ. ಇದೇ ಹಾಡನ್ನು ಭರತನಾಟ್ಯದ ಬಾಲಸರಸ್ವತಿಯವರು ಅಭಿನಯದಲ್ಲಿ ಹಿಗ್ಗಿಸಿದ್ದನ್ನು ತಿಳಿದವರಿಗೆ ಈ ನಿಲುಗಡೆಯ ಸಂಕಟ ಗೊತ್ತಾಗುತ್ತದೆ.

ಜೋಡಿಗಳು ಆರಿಸಿಕೊಳ್ಳುವ ರಾಗಗಳ ಪಟ್ಟಿಯೇ ಅರ್ಧ ವಿಮರ್ಶೆ. ಹಂಸಧ್ವನಿ, ಮೋಹನ, ಕೀರವಾಣಿ, ಚಾರುಕೇಶಿ ಇರುತ್ತವೆ. ತೋಡಿಯ, ಭೈರವಿಯ ಸುದ್ದಿಗೆ ಹೋಗುವುದಿಲ್ಲ. ಟಿ.ಆರ್. ಮಹಾಲಿಂಗಂ ಅವರು ರಂಧ್ರಗಳನ್ನು ಅರ್ಧ ಮುಚ್ಚಿ ಅರ್ಧ ತೆರೆದು, ಬಿದಿರಿನಿಂದ ಮನುಷ್ಯ ಕಂಠದ ಗಮಕ ತೆಗೆದಿದ್ದರಲ್ಲ, ಆ ಪಾಠ ಕಲಿತ ಕೊಳಲಿನವರು ಈ ಕೂಟದಲ್ಲಿ ಕೂತ ಕೂಡಲೇ ಅದನ್ನೆಲ್ಲ ಮಡಚಿ ಚೀಲಕ್ಕೆ ಹಾಕುತ್ತಾರೆ. ಇದು ಅನಿವಾರ್ಯವೂ ಅಲ್ಲ. ರವಿಶಂಕರ್ ಫ್ರೆಂಚ್ ಕೊಳಲುವಾದಕ ರಾಂಪಾಲ್ ಅವರಿಗಾಗಿ ತೋಡಿಯಲ್ಲೇ ಒಂದು ಕೃತಿ ಮಾಡಿಕೊಟ್ಟರು. ಹಾರ್ಪ್ ಜೊತೆಗೆ ನುಡಿಸಿದ ಅದನ್ನು ಕೊಳಲು-ಗಿಟಾರಿನವರು ಇವತ್ತೂ ನುಡಿಸುತ್ತಾರೆ. ಅದು ನಮ್ಮ ತೋಡಿಯಲ್ಲ, ಹಿಂದೂಸ್ತಾನಿ ತೋಡಿ ಎಂಬುದು ಬೇರೆ ಮಾತು. ಜೊತೆಯ ತಂತಿವಾದ್ಯಕ್ಕೆ ಅಲ್ಲಿ ಸ್ವಂತ ಮಾತಿದೆ, ಬರೀ ಹಾಸಿಗೆ ಹಾಸುವ ಕೆಲಸವಲ್ಲ.

ಶಾಸ್ತ್ರೀಯದ ಮಾತು ಇಷ್ಟು ಸಾಕು. ಈ ಜೋಡಿಗೆ ನಿಜವಾದ ಪರೀಕ್ಷೆ ಎದುರಾಗುವುದು ಜಾನಪದದಲ್ಲಿ. ಅದರಲ್ಲೂ ಈ ಜಿಲ್ಲೆಯಲ್ಲಿ.

ಇಲ್ಲಿಯದು ಕಥೆಯ ಜಾನಪದ. ಮಲೆ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆ ಎಂಬ ಬಟ್ಟಲು-ತಾಳ ಹಿಡಿದು ಸಾಲು ಸಾಲಾಗಿ ಹಾಡುತ್ತಾರೆ. ಸಂಕಮ್ಮನ ಸಾಲು ಒಂದನ್ನೇ ಹಿಡಿದರೂ ರಾತ್ರಿ ಕಳೆಯುತ್ತದೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ, ಡಕ್ಕೆ, ಗಗ್ಗರಗಳೊಡನೆ ಸಿದ್ದಪ್ಪಾಜಿಯ ಕಥೆ ಹೇಳುತ್ತಾರೆ. ಚಿಕ್ಕಲ್ಲೂರಿನ ಜಾತ್ರೆಗೆ ಹೋದವರು ಅದನ್ನು ಬಲ್ಲರು. ಇವೆಲ್ಲ ಮಾತನ್ನು ಹೊತ್ತು ನಡೆಯುವ ಧಾಟಿಗಳು. ಬಹುಪಾಲು ನಾಲ್ಕೈದು ಸ್ವರಗಳೊಳಗೇ ಸುತ್ತುತ್ತವೆ. ಗಂಡ ನೀಲೇಗೌಡ ಸಂಕಮ್ಮನಿಂದ ಭಾಷೆ ಕೇಳುವ ಜಾಗದಲ್ಲೂ, ಮಾದಪ್ಪ ಅವಳ ಬಾಗಿಲಿಗೆ ಬರುವ ಜಾಗದಲ್ಲೂ ಧಾಟಿ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಹಾಡುಗಾರನ ಮಾತಿನ ಒತ್ತು, ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುವ ರಭಸ, ಕಂಸಾಳೆಯ ಪೆಟ್ಟಿನ ವೇಗ. ಮಾತು ತೆಗೆದು ಧಾಟಿಯನ್ನಷ್ಟೇ ಕೊಳಲಿಗೆ ಕೊಟ್ಟರೆ ಎರಡು ನಿಮಿಷದಲ್ಲಿ ಸರಕು ಮುಗಿಯುತ್ತದೆ. ಅದಕ್ಕೇ ಕೊಳಲಿನವರು ಅದಕ್ಕೆ ಬಳುಕು, ಬಿರ್ಕಾ, ಮೇಲಿನ ಸ್ಥಾಯಿಯ ಓಟ ಸೇರಿಸುತ್ತಾರೆ. ಗಿಟಾರಿನವರು ಒಂದು ಮೈನರ್ ಕಾರ್ಡ್ ಸೇರಿಸಿ ವಿಷಾದ ತರುತ್ತಾರೆ. ಹಾಡುಗಾರನ ಸೊಲ್ಲಿನಲ್ಲಿ ಇಲ್ಲದಿದ್ದ ವಿಷಾದ ಅದು, ಸಿನಿಮಾದಿಂದ ತಂದದ್ದು.

ಇಲ್ಲಿ ಒಂದು ತಿರುವೂ ಇದೆ. ‘ಸೋಜುಗಾದ ಸೂಜುಮಲ್ಲಿಗೆ’ 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಚೈತ್ರಾ ಆಚಾರ್ ಅವರ ದನಿಯಲ್ಲಿ ಬಂದು, ಮಾದಪ್ಪನ ಬೆಟ್ಟ ಯಾವ ದಿಕ್ಕಿಗಿದೆ ಎಂದು ತಿಳಿಯದವರ ಬಾಯಿಗೂ ಹತ್ತಿತು. ಈಗ ಕೊಳಲಿನಲ್ಲಿ ಅದರ ಮೊದಲ ಸಾಲು ಕೇಳಿದರೆ ಸಾಕು, ಸಭೆ ಒಳಗೊಳಗೇ ಸಾಹಿತ್ಯ ಹಾಡಿಕೊಳ್ಳುತ್ತದೆ. ಜೋಡಿ ಬಿಟ್ಟ ಮಾತನ್ನು ಕೇಳುಗರೇ ತುಂಬಿಕೊಳ್ಳುತ್ತಾರೆ. ಆ ಹಾಡು ಗೆಲ್ಲುತ್ತದೆ, ನ್ಯಾಯವಾಗಿಯೇ ಗೆಲ್ಲುತ್ತದೆ. ಆದರೆ ಅದರ ಬೆನ್ನಿಗೆ ಸಿನಿಮಾಕ್ಕೆ ಹೋಗದ ಒಂದು ಸಾಲನ್ನು ನುಡಿಸಿದರೆ ಸಭೆ ಮೊಬೈಲ್ ತೆಗೆಯುತ್ತದೆ. ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಶರೀಫರನ್ನು ಗಿಟಾರಿಗೆ ತಂದಾಗ ಈ ತೊಡಕು ಇರಲಿಲ್ಲ. ಗಿಟಾರ್ ಎಷ್ಟೇ ಅಬ್ಬರಿಸಲಿ, ಶರೀಫರ ಮಾತು ಗಂಟಲಿನಲ್ಲಿ ಉಳಿದಿತ್ತು. ಮಾತು ಬಿಟ್ಟುಕೊಟ್ಟವರು ಅದರ ಬದಲಿಗೆ ಏನು ಕೊಡುತ್ತಾರೆ ಎಂಬ ಪ್ರಶ್ನೆಗೆ ಕೊಳಲು-ಗಿಟಾರ್ ಜೋಡಿ ಇನ್ನೂ ಉತ್ತರ ಹುಡುಕಿಲ್ಲ.

ಉತ್ತರ ಹತ್ತಿರದಲ್ಲೇ ಇದೆ ಎಂದು ನನ್ನ ಅನಿಸಿಕೆ. ಗಿಟಾರಿನ ಆರು ತಂತಿಯನ್ನು ವಾಡಿಕೆಯ ಶ್ರುತಿ ಬಿಟ್ಟು ಡಿ-ಎ-ಡಿ-ಜಿ-ಎ-ಡಿ ಎಂದು ಕಟ್ಟುವ ಪದ್ಧತಿಯೊಂದಿದೆ. ಪಶ್ಚಿಮದ ಜಾನಪದ ಗಿಟಾರಿನವರು ಅದನ್ನು ಬೇಕಾದಷ್ಟು ಬಳಸಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು ಷಡ್ಜ, ಪಂಚಮ, ಷಡ್ಜ, ಮಧ್ಯಮ, ಪಂಚಮ, ಷಡ್ಜ. ಗಾಂಧಾರವೇ ಇಲ್ಲ. ಮೇಲೆ ಹೇಳಿದ 14 ಸೆಂಟ್ ಜಗಳವೂ ಇಲ್ಲ, ಮೇಜರ್-ಮೈನರ್ ಎಂಬ ಒತ್ತಾಯವೂ ಇಲ್ಲ. ಹೀಗೆ ಕಟ್ಟಿ, ಎಡಗೈಗೆ ರಜೆ ಕೊಟ್ಟು, ಬಲಗೈ ಹೆಬ್ಬೆರಳಿನಿಂದ ಕೆಳಗಿನ ತಂತಿ ಬಿಡದೆ ಮೀಟಿದರೆ ಗಿಟಾರ್ ನೀಲಗಾರರ ತಂಬೂರಿಯ ಕೆಲಸ ಮಾಡುತ್ತದೆ. ಶ್ರುತಿಯೂ ಅದೇ, ಲಯವೂ ಅದೇ. ತಂತಿಯನ್ನು ಅಂಗೈಯಿಂದ ಒತ್ತಿ ಹೊಡೆದರೆ ಕಂಸಾಳೆಯ ಒಣ ಪೆಟ್ಟಿಗೂ ಒಂದು ಉತ್ತರ ಸಿಗುತ್ತದೆ. ಅಲ್ಲೊಂದು ಇಲ್ಲೊಂದು ಕಡೆ ಗಿಟಾರಿನವರು ಕಾರ್ಡ್ ಬಿಟ್ಟು ಹೀಗೆ ಒಂದೆರಡು ಆವರ್ತ ನುಡಿಸಿದಾಗ ಕೊಳಲಿನ ನಡಿಗೆಯೇ ಬೇರೆಯಾಗುವುದನ್ನು ಕೇಳಿದ್ದೇನೆ. ಆಮೇಲೆ ಬೇಸರ ಬರಬಾರದು ಅಂತಲೋ ಏನೋ, ಮತ್ತೆ ಕಾರ್ಡಿಗೆ ಮರಳುತ್ತಾರೆ.

ಕೊಳಲಿನವರಿಗೂ ಒಂದು ಮಾತು ಬಾಕಿ ಇದೆ. ಗುಂಡ್ಲುಪೇಟೆಯೆಂದರೆ ಕೊಳಲಿನ ಊರು ಎಂದು ವೇದಿಕೆಯಲ್ಲಿ ಹೇಳುವುದು ರೂಢಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಮರದಡಿ ಕೊಳಲೂದುತ್ತ ನಿಂತ ವೇಣುಗೋಪಾಲನಿದ್ದಾನಲ್ಲ. ಸರಿಯೇ. ಆದರೆ ಈ ಸೀಮೆಗೆ ಇನ್ನೊಂದು ಕೊಳಲೂ ಇದೆ. ಮೈಲಾರಲಿಂಗನ ಒಕ್ಕಲಾದ ಗೊರವರು ಕರಡಿ ಕೂದಲಿನ ಟೋಪಿ ತೊಟ್ಟು ಕುಣಿಯುವಾಗ ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಪಿಳ್ಳಂಗೋವಿ. ಆ ಪಿಳ್ಳಂಗೋವಿಯಲ್ಲಿ ಹಿತವಿಲ್ಲ. ಉಸಿರಿನ ಸದ್ದು ಸ್ವರಕ್ಕಿಂತ ಮೊದಲು ಕೇಳುತ್ತದೆ, ಡಮರುಗದ ಪೆಟ್ಟಿಗೆ ಸ್ವರ ತುಂಡಾಗುತ್ತದೆ, ಕುಣಿಯುವವನ ಏದುಸಿರೂ ಅದರೊಳಗೆ ಸೇರಿಕೊಳ್ಳುತ್ತದೆ. ಜಾನಪದ ನುಡಿಸುತ್ತೇವೆ ಎನ್ನುವ ಕೊಳಲುಗಾರರು ಚೌರಾಸಿಯಾರ ಉದ್ದ ಬಾನ್ಸುರಿಯ ತಂಪನ್ನೇ ಮಾದಪ್ಪನ ಪದಕ್ಕೂ ಹಚ್ಚುತ್ತಾರೆ. ಚಾಮರಾಜನಗರದ ಗೊರವರ ಕೊಳಲನ್ನು ಕೇಳಿದ ಗುರುತೇ ಅವರ ಊದುವಿಕೆಯಲ್ಲಿ ಇಲ್ಲ. ತುತ್ತುಕಾರದಲ್ಲಿ ಸ್ವರ ಕತ್ತರಿಸುವುದು ಅವರಿಗೆ ಬರುತ್ತದೆ, ಕಲಿತಿದ್ದಾರೆ. ಬೇಕೆಂದೇ ಬಳಸುವುದಿಲ್ಲ, ಒರಟಾದೀತು ಎಂಬ ಭಯ.

ಮೈಕ್‌ಸೆಟ್ಟಿನವರ ಪಾಲೂ ಇದರಲ್ಲಿದೆ. ಕೊಳಲು ಎಂದ ಕೂಡಲೇ ಎಕೋ ಗುಂಡಿ ಅರ್ಧಕ್ಕಿಂತ ಮೇಲೆ ತಿರುಗುತ್ತದೆ. ಆಮೇಲೆ ಯಾರು ಹೇಗೆ ಊದಿದರೂ ಕಣಿವೆಯೇ. ಜೊತೆಗೆ, ಗುಂಡ್ಲುಪೇಟೆಯಲ್ಲಿ ಸಂಜೆ ಕಾರ್ಯಕ್ರಮಕ್ಕೆ ಇನ್ನೊಂದು ಗಡಿಯಾರವೂ ಇದೆ: 2009ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದ್ದು, ಸುಲ್ತಾನ್ ಬತ್ತೇರಿ, ಊಟಿ ಕಡೆಯ ನೆಂಟರು ಎಂಟಕ್ಕೆಲ್ಲ ಎದ್ದು ಹೊರಡುತ್ತಾರೆ. ರಾತ್ರಿಯಿಡೀ ಕೂತು ಕೇಳುವ ಕಾವ್ಯದ ಹಾಡನ್ನು ಐದು ನಿಮಿಷಕ್ಕೆ ಇಳಿಸಿದ ತಪ್ಪನ್ನೆಲ್ಲ ಜೋಡಿಯ ತಲೆಗೇ ಕಟ್ಟಲಾಗದು.

ಇತ್ತೀಚೆಗೆ ಮತ್ತೊಂದು ಪದ್ಧತಿ ನೋಡುತ್ತಿದ್ದೇನೆ: ಕೊನೆಯ ಹಾಡಿಗೆ ಬೀಸು ಕಂಸಾಳೆಯ ನಾಲ್ಕು ಜನರನ್ನು ವೇದಿಕೆಗೆ ಕರೆಸಿ, ಕುಣಿಸಿ, ಶಾಲು ಹೊದಿಸಿ ಕಳಿಸುವುದು. ಗಿಟಾರಿನವರು ಮೊದಲೇ ಹಿಡಿದಿಟ್ಟ ವೇಗಕ್ಕೆ ಅವರು ಕುಣಿಯಬೇಕು; ಕೆಲವೆಡೆ ಗಿಟಾರಿನವರ ಕಿವಿಯಲ್ಲಿ ಮೆಟ್ರೋನೋಮ್ ಟಿಕ್ ಟಿಕ್ ಅನ್ನುತ್ತಿರುತ್ತದೆ. ಬೀಸು ಕಂಸಾಳೆಯಲ್ಲಿ ಬಟ್ಟಲು ತಲೆಯ ಮೇಲಿಂದ, ಬೆನ್ನ ಹಿಂದಿನಿಂದ ಸುತ್ತಿ ಬಂದು ಬಡಿಯಬೇಕು. ಆ ಸುತ್ತು ಮುಗಿಯಲು ಮೈಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಅದರ ಲಯ. ಯಂತ್ರದ ಲೆಕ್ಕಕ್ಕೆ ಸುತ್ತಲು ಹೋದರೆ ಬೀಸು ಸಣ್ಣದಾಗುತ್ತದೆ, ಬಟ್ಟಲು ಭುಜದ ಮಟ್ಟದಲ್ಲೇ ತಿರುಗಿ ವಾಪಸಾಗುತ್ತದೆ, ಗೊಂಡೆ ಹಾರುವುದೇ ಇಲ್ಲ. ಕರೆಸುವುದಾದರೆ ಅವರನ್ನು ಮೊದಲ ಹಾಡಿಗೇ ಕರೆಸಲಿ. ವೇಗ ಅವರು ಹಿಡಿಯಲಿ, ಒಬ್ಬರು ನಾಲ್ಕು ಸಾಲು ಬಾಯಿಬಿಟ್ಟು ಹಾಡಲಿ, ಗಿಟಾರಿನವರು ಕೆಳಗಿನ ಒಂದೇ ತಂತಿ ಹಿಡಿದುಕೊಂಡು ಹಿಂದೆ ಬರಲಿ. ಕೊಳಲಿನವರಿಗೆ ಸೊಲ್ಲಿನ ಜಾಗ ಇದ್ದೇ ಇದೆ.