ಈಸಿಜಿ ಸರಿ ಇದ್ದ ಮೇಲೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಆ ವಾರವೇ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. 2025ರ ಜೂನ್‌, ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ಟಿ.ವಿ.ಯಲ್ಲಿ ದಿನವಿಡೀ ಓಡಿದಾಗ ಬೆಂಗಳೂರು, ಮೈಸೂರು ಎರಡೂ ಕಡೆ ಅದೇ ನೂಕುನುಗ್ಗಲು. ಸರ್ಕಾರದ ತಜ್ಞರ ಸಮಿತಿ ಒಂದೊಂದು ಸಾವನ್ನೂ ಪರಿಶೀಲಿಸಿ, ಹೃದಯಾಘಾತ ಅಸಹಜವಾಗಿ ಹೆಚ್ಚಿಲ್ಲ ಎಂದು ವರದಿ ಕೊಟ್ಟಿತು. ಅಷ್ಟು ಹೊತ್ತಿಗೆ ಭಯ ರಾಜ್ಯದ ಈ ತುದಿಗೂ ಬಂದು ಮುಟ್ಟಿತ್ತು.

ಈ ತುದಿ ಎಂದರೆ ಪಾಮನಕಲ್ಲೂರು. ರಾಯಚೂರು ಜಿಲ್ಲೆ, ಮಸ್ಕಿ ತಾಲ್ಲೂಕು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತ ಊರು ಎಂದರೆ ಹೆಚ್ಚು ಜನಕ್ಕೆ ಗುರುತು ಸಿಗುತ್ತದೆ. ಆಚೆ ಸಿಂಧನೂರಿನ ಕಡೆ ತುಂಗಭದ್ರೆಯ ನೀರು, ಭತ್ತ, ಅಕ್ಕಿ ಗಿರಣಿಗಳು. ಈ ಭಾಗದಲ್ಲಿ ಮಳೆಯನ್ನೇ ನಂಬಿದ ಹೊಲಗಳು. ಎರಡೂ ಕಡೆ ದುಡಿಮೆಯ ಭಾರ ಬೀಳುವುದು ಎದೆಗೂಡಿನ ಮೇಲೆ. ಇಲ್ಲಿ ಭತ್ತದ ಧಾರಣೆ ಹೇಳುವುದೇ 75 ಕೆ.ಜಿ. ಚೀಲದ ಲೆಕ್ಕದಲ್ಲಿ, ಆ ಚೀಲವನ್ನು ಹಮಾಲರು ಬೆನ್ನ ಮೇಲೆ ಎತ್ತಿಕೊಳ್ಳುತ್ತಾರೆ. ಹತ್ತಿಗೆ ಔಷಧ ಹೊಡೆಯುವವರು ಹದಿನಾರು ಲೀಟರಿನ ಪಂಪನ್ನು ಹೆಗಲಿಗೇರಿಸಿ, ಒಂದೇ ಕೈಯಲ್ಲಿ ಹಿಡಿಕೆ ಆಡಿಸುತ್ತ ಸಾಲು ಸಾಲು ನಡೆಯುತ್ತಾರೆ. ಇಂಥವರಲ್ಲಿ ಒಬ್ಬರಿಗೆ ಒಂದು ದಿನ ಎದೆಯ ಎಡಗಡೆ ಚುಳುಕ್ ಎನ್ನುತ್ತದೆ. ಉಸಿರೆಳೆದರೆ ಚುಚ್ಚುತ್ತದೆ. ರಾತ್ರಿ ಮಗ್ಗುಲು ಬದಲಿಸಿದರೆ ಮತ್ತೆ ಅದೇ. ‘ಎದಿ ಹಿಡದೈತಿ’ ಎಂದು ಮನೆಯವರು ಹೇಳುವ ಹೊತ್ತಿಗೆ ಅವರ ಕೈಕಾಲು ತಣ್ಣಗಾಗಿರುತ್ತವೆ.

ಹೀಗೆ ಬಂದವರನ್ನು ನಮ್ಮ ಆರೋಗ್ಯ ವ್ಯವಸ್ಥೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಇಲ್ಲಿ ನನ್ನ ವಿಮರ್ಶೆಯ ವಸ್ತು. ಅರ್ಧ ಕೆಲಸವನ್ನು ಅದು ಈಚೆಗೆ ಬಹಳ ಚೆನ್ನಾಗಿ ಕಲಿತಿದೆ. ಉಳಿದರ್ಧವನ್ನು ಕೆಲಸವೆಂದೇ ಎಣಿಸಿಲ್ಲ.

ಕಲಿತ ಅರ್ಧ ಪುನೀತ್ ಅವರ ಹೆಸರಿನಲ್ಲೇ ಇದೆ. ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಈಸಿಜಿಯನ್ನು ದೂರದ ತಜ್ಞರು ಕೂಡಲೇ ನೋಡುತ್ತಾರೆ. ರಕ್ತನಾಳ ಕಟ್ಟಿದೆ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ, ಉಚಿತವಾಗಿ ಕೊಡುತ್ತಾರೆ. ಹೃದಯಾಘಾತದಲ್ಲಿ ಮೊದಲ ಗಂಟೆಗಳೇ ನಿರ್ಣಾಯಕ. ರಾಯಚೂರಿಗೋ ಕಲಬುರಗಿಗೋ ತಲುಪುವುದರೊಳಗೆ ಆ ಗಂಟೆಗಳು ಮುಗಿದುಹೋಗುತ್ತಿದ್ದ ಸೀಮೆಗೆ ಇದು ಸಣ್ಣ ಉಪಕಾರವಲ್ಲ. ಈ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕೆಲಸ ಮಾಡುವಾಗ ಎದೆ ಹಿಂಡಿದಂತಾಗಿ, ನೋವು ಎಡಗೈಗೋ ದವಡೆಗೋ ಹರಿದು, ಬೆವರು ಕಿತ್ತು ಬಂದರೆ ಯಾವ ಯೋಚನೆಯನ್ನೂ ಮಾಡದೆ 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆ, ಬಿ.ಪಿ., ತಂಬಾಕಿನ ಚಟ ಇದ್ದವರು ನೋವು ಸಣ್ಣದೆಂದು ಮನೆಯಲ್ಲಿ ಕೂರಬಾರದು. ಮುಂದೆ ಬರೆಯುವುದೆಲ್ಲ ಈ ತಪಾಸಣೆ ಮುಗಿದ ಮೇಲಿನ ಮಾತು.

ಈಸಿಜಿ ಸರಿ ಬಂತು. ಬೇಕಾದವರಿಗೆ ಮತ್ತೊಮ್ಮೆ ತೆಗೆದರು, ಟ್ರೊಪೊನಿನ್ ರಕ್ತಪರೀಕ್ಷೆಯೂ ಆಯಿತು. ‘ಏನೂ ಇಲ್ಲ, ಗ್ಯಾಸ್ ಆಗೈತಿ, ಹೋಗ್ರಿ’ ಎಂದು ಚೀಟಿ ಕೈಗೆ ಬಂತು. ವ್ಯವಸ್ಥೆ ಕೈತೊಳೆದುಕೊಳ್ಳುವುದು ಇಲ್ಲಿ. ರೋಗಿಯ ಕಷ್ಟ ಶುರುವಾಗುವುದೂ ಇಲ್ಲಿಂದಲೇ. ನೋವು ಇದ್ದಲ್ಲೇ ಇದೆ, ಅದಕ್ಕೊಂದು ಕಾರಣ ಸಿಕ್ಕಿಲ್ಲ. ಕಾರಣ ಹೇಳದೆ ಕೊಟ್ಟ ಧೈರ್ಯ ಮನೆ ಮುಟ್ಟುವವರೆಗೂ ಬಾಳುವುದಿಲ್ಲ. ‘ಡಾಕ್ಟರಿಗೆ ತಿಳಿದಿಲ್ಲ’ ಎಂದುಕೊಂಡು ಮುಂದಿನ ವಾರ ಲಿಂಗಸುಗೂರು, ಅದರ ಮುಂದಿನ ವಾರ ರಾಯಚೂರು. ಎಕೋ, ಟಿಎಂಟಿ ಎಂಬ ಹೃದಯ ಪರೀಕ್ಷೆಗಳು, ಆಮೇಲೆ ಸಾಲ. ಗ್ಯಾಸ್ ಎಂಬ ಸಿದ್ಧ ಉತ್ತರ ಎರಡು ಕಡೆಯಿಂದ ಹಾನಿ ಮಾಡುತ್ತದೆ: ನಿಜವಾಗಿ ಹೃದಯಾಘಾತವಾದವನು ಸೋಡಾ ಕುಡಿದು ಹೊತ್ತು ಕಳೆಯುತ್ತಾನೆ, ಪಕ್ಕೆಲುಬಿನ ನೋವಿನವನು ಆಮ್ಲ ತಗ್ಗಿಸುವ ಗುಳಿಗೆಯನ್ನು ವರ್ಷಗಟ್ಟಲೆ ನುಂಗುತ್ತಾನೆ.

ಹೇಳಬಹುದಾದ ಕಾರಣ ಇದ್ದೇ ಇದೆ. ಎದೆಯಲ್ಲಿ ಹನ್ನೆರಡು ಜೊತೆ ಪಕ್ಕೆಲುಬು. ಮೇಲಿನ ಏಳು ಜೊತೆ ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಗೆ ಕೂಡುತ್ತವೆ. ಆ ಕೂಡುಜಾಗಗಳು, ಹೆಚ್ಚಾಗಿ ಎರಡರಿಂದ ಐದನೆಯ ಪಕ್ಕೆಲುಬಿನವು, ನೊಂದುಕೊಂಡರೆ ಅದು ಕಾಸ್ಟೊಕಾಂಡ್ರೈಟಿಸ್. ನೋವಿನ ಜೊತೆ ಬಾವೂ ಕಂಡರೆ ಟೀಟ್ಸೆ ಸಿಂಡ್ರೋಮ್, 1921ರಲ್ಲಿ ಅದನ್ನು ವಿವರಿಸಿದ ಜರ್ಮನ್ ಶಸ್ತ್ರವೈದ್ಯನ ಹೆಸರಿನದು. ಪಕ್ಕೆಲುಬುಗಳ ನಡುವಿನ ಸ್ನಾಯು ಉಳುಕಿದರೂ ಇದೇ ಬಗೆಯ ಚುಚ್ಚು. ಯುರೋಪಿನ ಊರುವೈದ್ಯರ ಬಳಿ ಎದೆನೋವೆಂದು ಬಂದವರನ್ನು ಅಧ್ಯಯನ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯ ನೋವು ಎದೆಗೂಡಿನದೇ ಆಗಿತ್ತು. ಇಷ್ಟು ಸಾಮಾನ್ಯವಾದ ನೋವಿಗೆ ನಮ್ಮ ಹೊರರೋಗಿ ಚೀಟಿಯಲ್ಲಿ ಒಂದು ಹೆಸರು ಬರೆಯುವವರಿಲ್ಲ.

ನೋವು ಬೇಗ ಹೋಗದಿರುವುದಕ್ಕೂ ಕಾರಣವಿದೆ. ಮುರಿದ ಕೈಗೆ ಪಟ್ಟಿ ಕಟ್ಟಿ ಸುಮ್ಮನಿರಿಸಬಹುದು, ಉಸಿರಿಗೆ ಪಟ್ಟಿ ಕಟ್ಟಲಾಗದು. ದಿನಕ್ಕೆ ಇಪ್ಪತ್ತು ಸಾವಿರದಷ್ಟು ಸಲ ಈ ಕೀಲುಗಳು ಅಲುಗುತ್ತವೆ. ಹೀಗಾಗಿ ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಹೋದ ನೋವು ಮತ್ತೆ ಇಣುಕುವುದೂ ಉಂಟು. ಇದನ್ನು ಮೊದಲೇ ಹೇಳಿದ್ದರೆ, ಮೂರನೇ ತಿಂಗಳು ನೋವು ಮರಳಿದಾಗ ರೋಗಿ ‘ಹಾರ್ಟೇ ಇರಬೇಕು’ ಎಂದು ರಾತ್ರಿ ಎದ್ದು ಕೂರುವುದಿಲ್ಲ.

ಭಯದ ಪಾಲನ್ನು ಹೇಳುವಾಗ ಎಚ್ಚರ ಬೇಕು. ‘ಟೆನ್ಶನ್ನಿಂದ ಹಂಗಾಗೈತಿ’ ಎಂದರೆ ‘ನಂಗ ತಲಿ ಕೆಟ್ಟೈತಿ ಅಂತೀರೇನ್ರಿ?’ ಎಂದು ತಿರುಗಿ ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವಿದೆ. ನೋವು ನಿಜ, ಕಲ್ಪನೆಯದಲ್ಲ. ಆ ನೋವು ಹುಟ್ಟಿಸಿದ ಭಯದಿಂದ ಉಸಿರು ಮೇಲುಮೇಲಕ್ಕೆ, ಬೇಗ ಬೇಗ ಸಾಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ ಬೆರಳು ಜುಮುಗುಡುತ್ತವೆ, ತಲೆ ತಿರುಗುತ್ತದೆ, ಎದೆ ಬಿಗಿಯುತ್ತದೆ. ಬಿಗಿದ ಸ್ನಾಯು ನೊಂದ ಕೀಲನ್ನು ಎಳೆಯುತ್ತದೆ. ನೋವು ಹೆಚ್ಚಿತು, ಭಯವೂ ಹೆಚ್ಚಿತು. ಇದರ ಮೇಲೆ ಬೆರಳಿನಿಂದ ಆ ಜಾಗವನ್ನು ಗಳಿಗೆಗೊಮ್ಮೆ ಒತ್ತಿ ನೋಡುವುದು, ನಾಡಿ ಹಿಡಿದು ಎಣಿಸುವುದು, ಮೊಬೈಲಿನಲ್ಲಿ ಹೃದಯಾಘಾತದ ವಿಡಿಯೊ ನೋಡುವುದು. ಒತ್ತಿದಷ್ಟೂ ಜಾಗ ನೋಯುತ್ತದೆ, ನೋಡಿದಷ್ಟೂ ಭಯ ಬೆಳೆಯುತ್ತದೆ.

ಹೆದರಿದೆನೆಂದು ಹೇಳಿಕೊಳ್ಳಲು ಗಂಡಸರಿಗೆ ನಾಚಿಕೆ. ಅವರಿಗೆ 1871ರ ಒಂದು ಸಂಗತಿ ಹೇಳಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸೈನಿಕರಲ್ಲಿ ಎದೆನೋವು, ಎದೆಬಡಿತ, ಏದುಸಿರು ಕಾಣಿಸಿಕೊಂಡವರನ್ನು ಪರೀಕ್ಷಿಸಿದ ಜೇಕಬ್ ಡಾ ಕೋಸ್ಟ ಎಂಬ ವೈದ್ಯ, ಅವರ ಹೃದಯದಲ್ಲಿ ಸ್ಪಷ್ಟ ರೋಗ ಕಾಣದೆ, ಮುನ್ನೂರಕ್ಕೂ ಹೆಚ್ಚು ಪ್ರಕರಣಗಳ ಆಧಾರದ ಮೇಲೆ ಪ್ರಬಂಧ ಬರೆದ. ಯುದ್ಧ ಮಾಡಿ ಬಂದವರಿಗೂ ಬಂದ ಬಾಧೆ ಇದು. ಮಳೆ ತಪ್ಪಿದ ವರ್ಷ, ಬಡ್ಡಿ ತುಂಬುವ ತಿಂಗಳು ಹೊಲದವನಿಗೆ ಬಂದರೆ ಅದರಲ್ಲಿ ಪುಕ್ಕಲುತನವೇನಿಲ್ಲ.

ಜನ ತಾವಾಗಿ ಮಾಡಿಕೊಳ್ಳುವ ಉಪಾಯಗಳಲ್ಲಿ ಬಿಸಿನೀರಿನ ಶಾಖ ಒಳ್ಳೆಯದು. ವಾರಕ್ಕೆರಡು ಸಲ ಡೈಕ್ಲೊಫೆನಾಕ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಕೆಟ್ಟದ್ದು. ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಪೆಟ್ಟು. ಪೂರ್ತಿ ಹಾಸಿಗೆ ಹಿಡಿಯುವುದು ಇನ್ನೂ ಕೆಟ್ಟದ್ದು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಎದೆಗೂಡು ಬಿರುಸಾಗುತ್ತದೆ, ಮನಸ್ಸಿಗೆ ನೋವೊಂದೇ ಕೆಲಸವಾಗುತ್ತದೆ. ಭಾರ ಎತ್ತುವುದನ್ನು ಕೆಲವು ವಾರ ಬಿಟ್ಟು, ನಡೆದಾಡುತ್ತ, ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಊರಿ ಎದೆಯನ್ನು ಮೆಲ್ಲಗೆ ಮುಂದಕ್ಕೆ ಚಾಚಿ ಸ್ನಾಯು ಸಡಿಲಿಸಬಹುದು. ಭಯ ಏರಿದಾಗ ಹೊಟ್ಟೆ ಉಬ್ಬುವಂತೆ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡಬೇಕು. ದಿನಗೂಲಿಯವನಿಗೆ ಕೆಲವು ವಾರ ಚೀಲ ಎತ್ತಬೇಡ ಎನ್ನುವುದು ಸುಲಭವಲ್ಲ ಎಂಬುದು ಗೊತ್ತಿದೆ. ತೂಕಕ್ಕೆ ನಿಲ್ಲುವುದು, ಚೀಲ ಹೊಲಿಯುವುದು ಮುಂತಾದ ಹಗುರ ಕೆಲಸಕ್ಕೆ ಹಾಕಿಕೊಳ್ಳಲು ಗಿರಣಿಯವರು ಒಪ್ಪುವಂತೆ ವೈದ್ಯರು ಒಂದು ಸಾಲು ಬರೆದುಕೊಟ್ಟರೂ ಉಪಕಾರವೇ.

ಇಷ್ಟಕ್ಕೂ ಬಗ್ಗದ ಭಯಕ್ಕೆ ಚಿಕಿತ್ಸೆಯಿದೆ. ಹೃದಯ ಸರಿಯಿದ್ದೂ ಎದೆನೋವು ಬಿಡದವರ ಮೇಲಿನ ಪ್ರಯೋಗಗಳನ್ನು ಒಟ್ಟಾಗಿ ನೋಡಿದ ಕಾಕ್ರೇನ್ ಪರಿಶೀಲನೆ, ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆಯಿಂದ ಮೊದಲ ಮೂರು ತಿಂಗಳಲ್ಲಿ ಒಂದಷ್ಟು ಲಾಭ ಕಂಡಿದೆ. ಭಾರೀ ಲಾಭವೆಂದು ನಾನು ಹೇಳಲಾರೆ. ಆದರೆ ಎಕೋ ಮೇಲೆ ಎಕೋ ಮಾಡಿಸುವುದಕ್ಕಿಂತ ಅಗ್ಗ, ಉಪಯುಕ್ತ. ಇದಕ್ಕೆ ದೊಡ್ಡ ಊರಿನ ತಜ್ಞರೇ ಬೇಕೆಂದಿಲ್ಲ. ಸಿಂಧನೂರಿನ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿತು. ಆ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡೂ ಆಗಿದೆ. ಎಲ್ಲ ತುಂಡುಗಳೂ ಇವೆ, ಜೋಡಿಸಿಲ್ಲ. ಎದೆನೋವಿನ ಕೋಣೆಯಿಂದ ಮಂಗಳವಾರದ ಕೋಣೆಗೆ ರೋಗಿಯನ್ನು ಕಳಿಸುವ ದಾರಿಯೇ ಇಲ್ಲ. ಇದು ಹಣದ ಕೊರತೆಗಿಂತ ಹೆಚ್ಚಾಗಿ ಲಕ್ಷ್ಯದ ಕೊರತೆ.

ಹೃದಯ ಜ್ಯೋತಿಯನ್ನು ನಡೆಸುವವರಲ್ಲಿ ನನ್ನ ಕೇಳಿಕೆ ಇಷ್ಟು. ಸರಿಯಿದ್ದ ಈಸಿಜಿಯ ಜೊತೆ ಕನ್ನಡದಲ್ಲಿ ಒಂದು ಪುಟ ಕೊಡಿ: ಏನು ನೋಡಿದೆವು, ನೋವು ಎಲ್ಲಿಂದ ಬರುತ್ತಿರಬಹುದು, ಎಷ್ಟು ದಿನ ಹಿಡಿಯಬಹುದು, ಯಾವ ಲಕ್ಷಣ ಕಂಡರೆ ತಿರುಗಿ ಬರಬೇಕು. ಕೆಳಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಇರಲಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಆ ಸೇವೆ ಉಚಿತ, ಹಗಲುರಾತ್ರಿ ಲಭ್ಯ, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.