ಸಲಹೆ ಸಿಕ್ಕಿತು, ಎರಡು ತಾಸು ಸಿಗಲಿಲ್ಲ

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರಿಗೆ ನೆರವು ಎಂದರೆ ನಮ್ಮಲ್ಲಿ ಮೊದಲು ಸಿಗುವುದು ಮಾತು. ತರಬೇತಿ, ಆಪ್ತಸಲಹೆ, ಸಹಾಯವಾಣಿ, ತಿಂಗಳಿಗೊಂದು ಸಭೆ. ಬೇಡವೆಂದಲ್ಲ. ಆದರೆ ಮಹಾರಾಷ್ಟ್ರದ ಇಚಲಕರಂಜಿಯ ಪಕ್ಕದ ಕೊರೋಚಿಯಲ್ಲಿ ನಿಂತು ನೋಡಿದರೆ ಇವುಗಳ ಬೆಲೆಯನ್ನು ಬೇರೆ ರೀತಿಯಲ್ಲೇ ಕಟ್ಟಬೇಕಾಗುತ್ತದೆ.

ಈ ಭಾಗದ ದುಡಿಮೆ ಪವರ್‌ಲೂಮಿನದು. ಕೂಲಿ ಪಿಕ್ ಲೆಕ್ಕದಲ್ಲಿ, ಅಂದರೆ ನೇಯ್ದ ಅಡ್ಡ ಎಳೆಗಳ ಲೆಕ್ಕದಲ್ಲಿ. ಮಗ್ಗ ನಿಂತಷ್ಟು ಹೊತ್ತು ಗಳಿಕೆಯೂ ನಿಂತಂತೆ. ಕನ್ನಡದ ಮನೆಗಳಲ್ಲಿ ಮಾತು ಕನ್ನಡ, ಸಾಲಿ ದವಾಖಾನೆಗಳಲ್ಲಿ ಮರಾಠಿ. ಇಂಥ ಮನೆಯ ಅಜ್ಜಿ ದೀಪ ಹಚ್ಚುವ ಹೊತ್ತಿಗೆ ಸೆರಗು ಸರಿಮಾಡಿಕೊಂಡು “ಮನೀಗೆ ಹೋಗೂನು ನಡೀ” ಎಂದು ಹೊಸ್ತಿಲು ದಾಟುತ್ತಾಳೆ ಅನ್ನಿ. “ಅತ್ತಿ, ಇದ ನಿಮ್ಮ ಮನಿರಿ” ಎಂದು ಸೊಸೆ ತಿಳಿಹೇಳಿದಷ್ಟೂ ಸಿಟ್ಟು ಏರುತ್ತದೆ. ವಾದಕ್ಕಿಳಿಯಬೇಡಿ, ಗಮನ ಬೇರೆ ಕಡೆ ತಿರುಗಿಸಿ ಎನ್ನುತ್ತಾರೆ ಬಲ್ಲವರು. “ಚಾ ಕುಡದು ಹೋಗೂನ್ರಿ” ಎಂದರೆ ಅಜ್ಜಿ ಕೂರುತ್ತಾಳೆ. ಸಲಹೆ ಫಲಿಸಿತು. ಆದರೆ ಚಹಾ ಮಾಡಲು, ಜೊತೆಗೆ ಕೂರಲು, ಕಪ್ಪು ತೊಳೆಯುವಷ್ಟರಲ್ಲಿ ಅಜ್ಜಿ ಮತ್ತೆ ಎದ್ದರೆ ಹಿಂದೆ ಓಡಲು ಒಬ್ಬರು ಮನೆಯಲ್ಲಿರಲೇಬೇಕು. ಎರಡನೆಯ ಪಾಳಿಗೆ ಹೋಗಬೇಕಾದವಳೂ ಆ ಸೊಸೆಯೇ.

ಇಂಥ ಮನೆಗಳಿಗೆ ಹತ್ತಿರದ ಮಾದರಿ ಗೋವೆಯದು. ಅಮಿತ್ ಡಾಯಸ್, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ. ಬಾರ್ದೇಜ್, ತಿಸ್ವಾಡಿ ತಾಲೂಕುಗಳ 81 ಕುಟುಂಬಗಳು, ಆರು ತಿಂಗಳು. ಮನೆಗೆ ಹೋದವರು ಡಾಕ್ಟರಲ್ಲ, ನರ್ಸೂ ಅಲ್ಲ. ಸ್ಥಳೀಯ ಭಾಷೆ ಬಲ್ಲ, ಪಿಯುಸಿಯಷ್ಟು ಓದಿದ ಸಾಮಾನ್ಯರು. ಹದಿನೈದು ದಿನಕ್ಕೊಮ್ಮೆಯಾದರೂ ಬಂದು ಕಾಯಿಲೆಯ ಬಗ್ಗೆ ತಿಳಿಸುತ್ತಿದ್ದರು, ಮನೆಯವರ ಮಾತು ಕೇಳುತ್ತಿದ್ದರು. ಬೆನ್ನಿಗೆ ಒಬ್ಬ ಆಪ್ತಸಲಹೆಗಾರರು, ಒಬ್ಬ ಮನೋವೈದ್ಯರು. ಇಷ್ಟು ಕಡಿಮೆ ಬಂಡವಾಳದಲ್ಲಿ ನೋಡಿಕೊಳ್ಳುವವರ ಮನಸ್ಸು ಹಗುರಾಯಿತು, ರೋಗಿಯ ವರ್ತನೆಯಿಂದ ಆಗುವ ಸಂಕಟ ಇಳಿಯಿತು. ಮೆಚ್ಚಲೇಬೇಕು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ, ಹೊಗಳುವವರು ಅದನ್ನು ಎತ್ತುವುದು ಕಡಿಮೆ. ಆರೈಕೆಯ ಹೊರೆಯಲ್ಲಿ ಎದ್ದು ಕಾಣುವ ಇಳಿಕೆ ಆಗಲಿಲ್ಲ. ಆಗುವುದಾದರೂ ಹೇಗೆ? ಮೀಸುವುದು, ಉಣಿಸುವುದು, ರಾತ್ರಿ ಎದ್ದು ಬಾಗಿಲು ಕಾಯುವುದು ಎಲ್ಲ ಅವೇ ಕೈಗಳಿಗೆ ಉಳಿದವು.

ಮಾತನ್ನು ಕಂಪ್ಯೂಟರಿಗೆ ಏರಿಸಿದ ಯತ್ನದ ಫಲ ಇನ್ನೂ ತೆಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ ‘ಐಸಪೋರ್ಟ್’ ಎಂಬ ಆನ್‌ಲೈನ್ ತರಬೇತಿಯಲ್ಲಿ 23 ಪಾಠಗಳಿವೆ. ನಿಮ್ಹಾನ್ಸ್ ತಜ್ಞರು ಅದನ್ನು ಭಾರತಕ್ಕೆ ಒಗ್ಗಿಸಿ ಪರೀಕ್ಷಿಸಿದಾಗ ಸೇರಿದವರು 151 ಮಂದಿ, ಕೊನೆತನಕ ಉಳಿದವರು 55. ನಡುವೆ ಬಿಟ್ಟವರ ಉತ್ಸಾಹವನ್ನು ದೂರುವುದು ತಪ್ಪು. 23 ಪಾಠ ಓದುವಷ್ಟು ಬಿಡುವು ಇದ್ದವರಿಗೆ ಈ ಪಾಠ ಅಷ್ಟು ಬೇಕಾಗಿಯೂ ಇರಲಿಕ್ಕಿಲ್ಲ.

ಕೈಗೆ ಬಿಡುವು ಕೊಡುವ ಏರ್ಪಾಡು ನಮ್ಮಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥವರು ಹಗಲು ಆರೈಕೆಯನ್ನೂ ವಸತಿ ಆರೈಕೆಯನ್ನೂ ಕಟ್ಟಿ ತೋರಿಸಿದ್ದಾರೆ. ಕೊರೋಚಿಯಿಂದ ಅದು ಸುಮಾರು 600 ಕಿಲೋಮೀಟರ್ ದೂರ, ನಡುವೆ ರಾಜ್ಯದ ಗಡಿ. ಇತ್ತ, ಸರ್ಕಾರದ ನೆರವು ಆಸ್ಪತ್ರೆಯ ಹಾಸಿಗೆಯನ್ನೇ ನೆಚ್ಚಿದೆ. 70 ದಾಟಿದವರಿಗೆ 2024ರಿಂದ ಆಯುಷ್ಮಾನ್ ಭಾರತದಲ್ಲಿ ಐದು ಲಕ್ಷದವರೆಗೆ ಚಿಕಿತ್ಸೆ ಉಂಟು. ಆದರೆ ಈ ಕಾಯಿಲೆಯ ಬಹುಪಾಲು ಖರ್ಚು ಹುಟ್ಟುವುದು ಮನೆಯ ಪಡಸಾಲೆಯಲ್ಲಿ. 2007ರ ಹಿರಿಯ ನಾಗರಿಕರ ಕಾಯ್ದೆ, ಮುದುಕರನ್ನು ಕೈಬಿಟ್ಟವರಿಗೆ ಮೂರು ತಿಂಗಳವರೆಗೆ ಜೈಲು ಎನ್ನುತ್ತದೆ. ಕೈಬಿಡದೆ ಕೂತು ಕೂಲಿ ಕಳೆದುಕೊಂಡ ಸೊಸೆಯ ಪಾಲಿಗೆ ಅದರಲ್ಲಿ ಏನಿದೆ?

ಭಾಷೆಯ ಮಾತು ಬಿಡುವಂತಿಲ್ಲ. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಕಂಡುಕೊಂಡಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಮರೆವಿನ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಗಡಿಯವರಿಗೆ ಸಂತೋಷದ ಸುದ್ದಿಯೇ. ಆದರೆ ಕಾಯಿಲೆ ಬಂದ ಮೇಲೆ, ದವಾಖಾನೆಯಲ್ಲಿ ಮರಾಠಿಯಲ್ಲಿ ವಾರ ತಿಥಿ ಕೇಳಿದಾಗ ಅಜ್ಜಿ ಸುಮ್ಮನಾದರೆ ಮರೆತಳೋ, ಮಾತು ತಿಳಿಯಲಿಲ್ಲವೋ ಹೇಳುವುದು ಕಷ್ಟ. ಗೋವೆಯ ಮಾದರಿ ಇಲ್ಲಿಗೆ ಬಂದರೆ ಬಾಗಿಲು ತಟ್ಟುವವರಿಗೆ ಎರಡೂ ಭಾಷೆ ಬರಬೇಕು.

ಇದನ್ನೂ ಆಶಾತಾಯಿಯ ಹೆಗಲಿಗೆ ಹಾಕೋಣ ಎನ್ನುವವರಿದ್ದಾರೆ. ಬಾಣಂತಿ, ಲಸಿಕೆ, ಸರ್ವೆಗಳ ನಡುವೆ ಅವಳು ಒಂದು ನಮೂನೆ ತುಂಬಿಕೊಂಡು ಹೋಗಬಲ್ಲಳು, ಅಷ್ಟೇ. ನನ್ನ ಒಲವು ಊರಿನ ಬಚತ್ ಗಟದ, ಅಂದರೆ ಹೆಂಗಸರ ಸ್ವಸಹಾಯ ಸಂಘದ ಕಡೆಗೆ. ಅಲ್ಲಿಯ ಇಬ್ಬರು ಹೆಂಗಸರಿಗೆ ಗೋವೆಯ ರೀತಿಯ ತರಬೇತಿ ಕೊಟ್ಟು, ಸಂಜೆ ಎರಡು ತಾಸು ಅಜ್ಜಿಯ ಬಳಿ ಕೂರಿಸಬೇಕು. ಅದಕ್ಕೆ ಕೊಡುವ ದುಡ್ಡನ್ನು ಗೌರವಧನ ಎಂದು ಕರೆಯದೆ, ಲೂಮಿನಲ್ಲಿ ಆ ಹೊತ್ತಿಗೆ ಹುಟ್ಟುವ ಕೂಲಿಗಿಂತ ಕಡಿಮೆಯಾಗದಂತೆ ಕೊಡಬೇಕು.