ಯಂತ್ರ ಯಾವಾಗ ನಿಂತಿತು?

ಪೆಟ್ರೋಲಿನಿಂದ ನಡೆಯುವ ಗುಂಡಿ ತೋಡುವ ಯಂತ್ರವು ಹೊಲದ ನಡುವೆ ನಿಂತುಹೋದಾಗ ಒಡೆಯನ ಕೈ ಮೊದಲು ಹೋಗುವುದು ಕಾರ್ಬೊರೇಟರಿನ ತಿರುಪಿನ ಕಡೆಗೆ; ಕೊನೆಯಲ್ಲಿ ಮುಟ್ಟತಕ್ಕದ್ದನ್ನು ಮೊದಲು ಮುಟ್ಟುವ ಈ ಅವಸರದಿಂದಲೇ ಅಲ್ಪದೋಷವು ಬೆಳೆದು ಬೇರೆ ದೋಷಗಳನ್ನು ಕೂಡಿಸಿಕೊಳ್ಳುತ್ತದೆ. ಚಾಲೂ ಆಗದ ಯಂತ್ರ ಬೇರೆ, ಚಾಲೂ ಆಗಿ ನಿಲ್ಲುವ ಯಂತ್ರ ಬೇರೆ. ಎರಡನೆಯದರಲ್ಲಿ ಕಿಡಿಯೂ ಇಂಧನವೂ ಒತ್ತಡವೂ ಒಮ್ಮೆಯಾದರೂ ಕೂಡಿಬಂದುವೆಂಬುದು ಸಿದ್ಧವಾಗಿರುವುದರಿಂದ, ಅವುಗಳಲ್ಲಿ ಯಾವುದು, ಎಷ್ಟು ಹೊತ್ತಿನ ಮೇಲೆ, ಯಾವ ಸ್ಥಿತಿಯಲ್ಲಿ ಕೈಬಿಟ್ಟಿತೆಂಬುದಷ್ಟೇ ವಿಚಾರಣೀಯವಾದ ವಿಷಯ.

ಹೀಗೆ ವಿಚಾರಿಸುವುದನ್ನು ನಾನು ಕಲಿತದ್ದು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ. ಅಲ್ಲಿನ ಓಣಿಯೊಂದರ ರಿಪೇರಿ ಅಂಗಡಿಗೆ, ಮುಂಗಾರಿಗೆ ಮುಂಚಿನ ವಾರಗಳಲ್ಲಿ, ನಂಜನಗೂಡು, ಹುಣಸೂರುಗಳ ಕಡೆಯ ರೈತರು ಬೇಲಿಯ ಕಂಬಕ್ಕೂ ಬಾಳೆಯ ಕಂದಿಗೂ ಗುಂಡಿ ತೋಡುವ ಯಂತ್ರಗಳನ್ನು ಹೊತ್ತು ತರುವರು. ಮೈಸೂರಿನ ಮೇಸ್ತ್ರಿಗಳಿಗೆ ಇವುಗಳ ಟೂ-ಸ್ಟ್ರೋಕ್ ಎಂಜಿನ್ ಅಪರಿಚಿತವಾದುದಲ್ಲ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು ಜಾವಾ, ಯೆಜ್ಡಿ ಬೈಕುಗಳನ್ನು ಹೊರತಂದ ಊರಿದು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಎಂಜಿನ್ನಿನ ಆರೋಗ್ಯವನ್ನು ಸದ್ದಿನಿಂದಲೇ ಅರಿಯುವ ವಿದ್ಯೆ ಇಲ್ಲಿ ಗುರುವಿನಿಂದ ಹುಡುಗನಿಗೆ ಸಂದುಬಂದಿದೆ.

"ಯಾವಾಗ ನಿಲ್ತದೆ ಸ್ವಾಮಿ?" ಎಂದು ಒಂದು ದಿನ ಅಂಗಡಿಯ ಮೇಸ್ತ್ರಿ, ಯಂತ್ರ ತಂದ ರೈತನೊಬ್ಬನನ್ನು ಕೇಳಿದರು.

"ಚೆನ್ನಾಗೇ ಓಡ್ತದೆ ಮೇಸ್ತ್ರಿ. ನಾಕೈದು ಗುಂಡಿ ಆದ್ಮೇಲೆ ಉಸಿರು ಕಟ್ಟಿದಂಗಾಗಿ ನಿಂತೋಯ್ತದೆ. ಒಸಿ ಹೊತ್ತು ಬಿಟ್ಟು ಎಳೆದ್ರೆ ಮತ್ತೆ ಹತ್ಕತದೆ."

ಮೇಸ್ತ್ರಿ ಯಂತ್ರವನ್ನು ಓಡಲು ಬಿಟ್ಟು, ಅದು ಏದಿ ನಿಂತೊಡನೆ, ಬೇರೇನನ್ನೂ ಮುಟ್ಟದೆ ಟ್ಯಾಂಕಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದರು. ಸುಯ್ಯೆಂದು ಗಾಳಿ ಒಳಹೊಕ್ಕ ಸದ್ದು ನಮ್ಮೆಲ್ಲರಿಗೂ ಕೇಳಿಸಿತು. ಹಗ್ಗ ಎಳೆದರೆ ಎಂಜಿನ್ ಕೂಡಲೇ ಚಾಲೂ ಆಯಿತು. ಪೆಟ್ರೋಲ್ ಹೊರಹೋದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು. ಅದಕ್ಕಾಗಿ ಇರುವ ಸೂಕ್ಷ್ಮರಂಧ್ರವು ಧೂಳು ಮತ್ತು ಎಣ್ಣೆಯ ಜಿಡ್ಡಿನಿಂದ ಕಟ್ಟಿಕೊಂಡರೆ, ಒಳಗೆ ನಿರ್ವಾತವುಂಟಾಗಿ ಇಂಧನದ ಪ್ರವಾಹವು ನಿಂತುಹೋಗುವುದು. ಆದರೆ ಬಿಸಿಯಾದಾಗ ನಿಂತು ತಣಿದಾಗ ಏಳುವ ಲಕ್ಷಣವು ಇಗ್ನಿಷನ್ ಕಾಯಿಲಿನ ದೋಷಕ್ಕೂ ಸಮಾನವಾದುದರಿಂದ, ಮುಚ್ಚಳ ಸಡಿಲಿಸಿದರೂ ಎಂಜಿನ್ ಹತ್ತದಿದ್ದ ಪಕ್ಷದಲ್ಲಿ, ಅದು ಬಿಸಿಯಿರುವಾಗಲೇ ಪ್ಲಗ್ಗನ್ನು ಕಳಚಿ, ಪೆಟ್ರೋಲಿನ ಆವಿಯಿಂದ ದೂರದಲ್ಲಿ ಕಿಡಿಯನ್ನು ಪರೀಕ್ಷಿಸಬೇಕು. ತಣಿದ ಮೇಲೆ ನೋಡಿದರೆ ಕಾಯಿಲು ನಿರ್ದೋಷಿಯಂತೆಯೇ ತೋರುವುದು.

ಈ ಯಂತ್ರದ ಕಾರ್ಬೊರೇಟರಿನಲ್ಲಿ ಬೈಕಿನಂತೆ ತೇಲುಗುಂಡೂ ಬಟ್ಟಲೂ ಇರುವುದಿಲ್ಲ. ಇದ್ದಿದ್ದರೆ ಯಂತ್ರವನ್ನು ವಾಲಿಸಿದೊಡನೆ ಪೆಟ್ರೋಲ್ ಚೆಲ್ಲಾಡುತ್ತಿತ್ತು. ಅವುಗಳ ಬದಲು ಎರಡು ತೆಳುವಾದ ಪೊರೆಗಳಿವೆ. ಕ್ರ್ಯಾಂಕ್ ಕೋಣೆಯಲ್ಲಿ ಪಿಸ್ಟನ್ನಿನ ಏರಿಳಿತದಿಂದ ಉಂಟಾಗುವ ಒತ್ತಡದ ಸ್ಪಂದನವು ಚಿಕ್ಕದೊಂದು ಕಿಂಡಿಯ ಮೂಲಕ ಒಂದು ಪೊರೆಯನ್ನು ಮಿಡಿಸಿ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದರೆ, ಎರಡನೆಯದು ಬೇಕಾದಷ್ಟನ್ನೇ ಅಳೆದು ಕೊಡುವುದು. ಇಷ್ಟು ಸಣ್ಣ ಸ್ಥಳದಲ್ಲಿ ಇಂಥ ಯುಕ್ತಿಯನ್ನು ಅಡಗಿಸಿದವರ ಬುದ್ಧಿಗೆ ನಾನು ಮನಸಾರೆ ಮಣಿಯುತ್ತೇನೆ. ಗ್ಯಾಸ್ಕೆಟ್ಟನ್ನು ತಿರುಗುಮುರುಗಾಗಿ ಕೂರಿಸಿ ಆ ಕಿಂಡಿಯನ್ನು ಮುಚ್ಚಿದರೆ, ಪ್ರೈಮರ್ ಬಲ್ಬನ್ನು ಒತ್ತಿ ತುಂಬಿದ ಪೆಟ್ರೋಲ್ ಇರುವಷ್ಟು ಕ್ಷಣ ಓಡಿ ಎಂಜಿನ್ ನಿಲ್ಲುವುದು. ಪೊರೆಯು ಪೆಡಸಾದರೂ ಫಲ ಹೆಚ್ಚು ಕಡಿಮೆ ಅದೇ. ಈಗ ಬಂಕಿನಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದ್ದು, ಅದು ಗಾಳಿಯ ತೇವವನ್ನು ಹೀರುವುದು. ವರ್ಷದಲ್ಲಿ ಕೆಲವೇ ದಿನ ದುಡಿದು ಉಳಿದ ಕಾಲವೆಲ್ಲ ಕೊಟ್ಟಿಗೆಯ ಮೂಲೆಯಲ್ಲಿರುವ ಯಂತ್ರದೊಳಗೆ ಹಳೆಯ ಮಿಶ್ರಣವನ್ನು ಬಿಟ್ಟರೆ ಪೊರೆಯೂ ರಬ್ಬರ್ ಕೊಳವೆಯೂ ಕೆಡುವುವು. ಆದಕಾರಣ ಕೆಲಸದ ಕಾಲ ಮುಗಿದೊಡನೆ ಟ್ಯಾಂಕನ್ನು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುವುದು ಲೇಸು.

ಚೋಕ್ ಎಳೆದಿದ್ದಾಗ ಮಾತ್ರ ಓಡಿ, ಬಿಟ್ಟೊಡನೆ ನಿಂತರೆ ಇಂಧನ ಸಾಲದೆಂದೋ, ಬೇಡದ ಎಡೆಯಿಂದ ಗಾಳಿ ನುಗ್ಗುತ್ತಿದೆಯೆಂದೋ ತಿಳಿಯಬೇಕು. ಟ್ಯಾಂಕಿನೊಳಗಿನ ಫಿಲ್ಟರ್, ಬಿರುಕುಬಿಟ್ಟ ಕೊಳವೆ, ಸಡಿಲವಾದ ಬೋಲ್ಟು, ಈ ಕ್ರಮದಲ್ಲಿ ಶೋಧಿಸಿದರೆ ಸಾಕು. ಸುಮ್ಮನೆ ಓಡುವಾಗ ಸೊಗಸಾಗಿದ್ದು ಭಾರ ಬಿದ್ದೊಡನೆ ಸೊರಗುವ ಎಂಜಿನ್ನಿನ ಸೈಲೆನ್ಸರ್ ಬಿಚ್ಚಿ ನೋಡಿದರೆ ಮಸಿ ಕಟ್ಟಿರುವುದುಂಟು. ಎಣ್ಣೆಯನ್ನು ಅಂದಾಜಿನಿಂದ ಸುರಿಯುವವರ ಯಂತ್ರದಲ್ಲಿ ಇದು ವಿಶೇಷ: 25ಕ್ಕೆ 1 ಎಂದು ಯಂತ್ರದ ಪುಸ್ತಕದಲ್ಲಿದ್ದರೆ ಲೀಟರಿಗೆ 40 ಮಿಲಿಯೇ ಹೊರತು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ನೆಲದೊಳಗೆ ಮಾತ್ರ ನಿಲ್ಲುವ ಯಂತ್ರದ ಎಂಜಿನ್ನನ್ನು ದೂಷಿಸುವುದು ಅನ್ಯಾಯ. ಮೊಂಡಾದ ಅಲಗು, ಗರಸು ನೆಲ, ಬೇರು, ನೆಲ ಕೊರೆಯುವ ಸುರುಳಿಗೆ ಮೆತ್ತಿಕೊಂಡ ಎರೆಮಣ್ಣು ಇವುಗಳೇ ಅಲ್ಲಿ ಕಾರಣ. ಅಡಿಯುದ್ದ ಇಳಿದಾಗಲೊಮ್ಮೆ ಮೇಲೆತ್ತಿ ಮಣ್ಣು ಕೊಡವಬೇಕು. ಬೇರು ಸಿಕ್ಕಿದರೆ ಒತ್ತದೆ ಎಂಜಿನ್ ನಿಲ್ಲಿಸಿ ಹಾರೆಯಿಂದ ಬಿಡಿಸಬೇಕು, ಏಕೆಂದರೆ ಸುರುಳಿ ಕಚ್ಚಿಕೊಂಡೊಡನೆ ಹಿಡಿಯೇ ತಿರುಗಿ ಹಿಡಿದವನ ಮಣಿಕಟ್ಟನ್ನೂ ಪಕ್ಕೆಯನ್ನೂ ಬಡಿಯುವುದು.

ತಿರುಪುಗಳ ಸರದಿ ಇದಿಷ್ಟೂ ಆದ ಮೇಲೆ. ಮೊದಲಿದ್ದ ಸ್ಥಾನವನ್ನು ಗುರುತುಹಾಕಿಕೊಂಡು ಒಂದೊಂದು ಸಲಕ್ಕೆ ಸುತ್ತಿನ ಎಂಟನೆಯ ಒಂದು ಭಾಗವನ್ನು ಮಾತ್ರ ತಿರುಗಿಸಬೇಕು. ಪೂರ್ಣವೇಗದ ಇಂಧನವನ್ನು ಅಳೆಯುವ ತಿರುಪನ್ನು ಒಳಕ್ಕೆ ಬಿಗಿದಂತೆಲ್ಲ ಸದ್ದು ತೀಕ್ಷ್ಣವಾಗಿ, ಯಂತ್ರಕ್ಕೆ ಹುರುಪು ಬಂತೆಂಬ ಭ್ರಮೆಯಾಗುವುದು. ಆದರೆ ಹಾಗೆ ಬಿಗಿದು ಪೆಟ್ರೋಲ್ ಕಡಿಮೆಯಾದಾಗ ಅದರೊಡನೆ ಬರುವ ಎಣ್ಣೆಯೂ ಕಡಿಮೆಯಾಗಿ, ಕಾದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವುದು. ಪೂರ್ಣವೇಗದಲ್ಲಿ ಸದ್ದು ಕೊಂಚ ಒರಟಾಗಿದ್ದು, ನೆಲ ಮುಟ್ಟಿದೊಡನೆ ಶುದ್ಧವಾಗುವಂತೆ ಮೇಸ್ತ್ರಿ ಆ ತಿರುಪನ್ನು ನಿಲ್ಲಿಸಿಕೊಡುತ್ತಾರೆ.